ಸಂತೆಗೆ ಹೋದವನು

"ವೈನಿ, ಮುರಿಗೆಪ್ಪ ಎಲ್ಲಿ ಹೋಗ್ಯಾನ್ರಿ?"

ಅಲ್ಲಾಬಕ್ಷ ಕೇಳಿದ್ದು ತನ್ನನ್ನು ನೋಡಲು ಮನೆಗೆ ಬಂದಿದ್ದ ಮುರಿಗೆಪ್ಪನ ಹೆಂಡತಿ ಶಿವಗಂಗವ್ವನನ್ನೇ. ಚಹಾ ತರುತ್ತಿದ್ದ ಸುಲ್ತಾನಾಬಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಎರಡು ತಿಂಗಳ ಹಿಂದೆ ತುಕ್ಕಾನಟ್ಟಿಯ ಹೊಲದಲ್ಲಿ ಒಂದೇ ಸಿಡಿಲು ಇಬ್ಬರು ಗೆಳೆಯರಿಗೂ ಬಡಿದಿತ್ತು. ಮುರಿಗೆಪ್ಪ ಅಲ್ಲೇ ಸತ್ತ. ಸುಲ್ತಾನಾಬಿಯ ಗಂಡ ಅಲ್ಲಾಬಕ್ಷ ಉಳಿದ. ಆದರೆ ಮೆದುಳಿಗೆ ಬಿದ್ದ ಪೆಟ್ಟಿನಿಂದ ಹೊಸದಾಗಿ ಕೇಳಿದ್ದು ಯಾವುದೂ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಮೊದಮೊದಲು ಸುಲ್ತಾನಾಬಿ ನಿಜ ಹೇಳುತ್ತಿದ್ದಳು. ಪ್ರತಿ ಸಲವೂ ಅವನು ಆಗಷ್ಟೇ ಸುದ್ದಿ ಕೇಳಿದವನಂತೆ ಎದೆ ಬಡಿದುಕೊಂಡು ಅಳುತ್ತಿದ್ದ. ಸಂಜೆಗೆ ಮರೆತು ಮತ್ತೆ ಕೇಳುತ್ತಿದ್ದ. ಕೊನೆಗೆ ಅವಳು ಎಲ್ಲೋ ಹೋಗಿದ್ದಾನೆ, ಬರುತ್ತಾನೆ ಎಂದು ಸುಳ್ಳು ಹೇಳತೊಡಗಿದ್ದಳು. ಆ ಸುಳ್ಳನ್ನು ಸತ್ತವನ ಹೆಂಡತಿಯ ಎದುರು ಹೇಗೆ ಹೇಳುವುದು?

ಶಿವಗಂಗವ್ವ ಬಳೆಯಿಲ್ಲದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಹುಕ್ಕೇರಿ ಸಂತಿಗೆ ಹೋಗ್ಯಾರಣ್ಣಾ, ಎತ್ತು ನೋಡಾಕ" ಎಂದಳು.

"ಹಂಗಾರ ಬರೂದು ಹೊತ್ತಾಕ್ಕೈತಿ. ಎತ್ತು ಕಂಡ್ರ ಅಂವಗ ಮನಿ ನೆನಪ ಆಗಂಗಿಲ್ಲ" ಎಂದು ಅಲ್ಲಾಬಕ್ಷ ನಕ್ಕ. ಶಿವಗಂಗವ್ವನೂ ನಕ್ಕಳು.

ಬಾಗಿಲವರೆಗೆ ಕಳಿಸಲು ಬಂದ ಸುಲ್ತಾನಾಬಿ, "ತಪ್ಪ ತಿಳ್ಕೋಬ್ಯಾಡಕ್ಕಾ" ಎಂದು ಅವಳ ಕೈ ಹಿಡಿದಳು.

ಶಿವಗಂಗವ್ವ ಆ ಕೈ ಬಿಡಲಿಲ್ಲ. "ನಾ ದಿನಾ ಬರ್ಲೇನವಾ? ಊರಾಗ ಎಲ್ಲಾರೂ ಅವರು ತೀರಿಹೋದ್ರು ಅಂತಾರ. ಇದೊಂದ ಮನ್ಯಾಗ ಅವರು ಇನ್ನೂ ತಿರುಗಿ ಬರಾವ್ರ ಅದಾರ."