ಸರಕು ಹಡಗಿನ ಮೇಲೆ ತೋಪು

ಜಯತೀರ್ಥಾಚಾರ್ಯರು ಪ್ರೀತಿ ಎಂಬ ಹುಡುಗಿಯ ನೋಟ್‌ಬುಕ್ಕನ್ನು ಶಾಲಿನೊಳಗೆ ಇನ್ನಷ್ಟು ಆಳಕ್ಕೆ ತುರುಕಿಕೊಂಡರು. ಕಲಬುರಗಿಯ ಆ ಕಾಲೇಜಿನ ಸಭಾಂಗಣದಲ್ಲಿ ಯಾರೂ ಅವರತ್ತ ನೋಡುತ್ತಿರಲಿಲ್ಲ.

ಶನಿವಾರ ಕಮಲಾಪುರದ ಗುಡಿಯಲ್ಲಿ ಅವರ ಪ್ರವಚನ ಮುಗಿದು ಜನ ಎದ್ದಾಗ ಅದು ಜಮಖಾನೆಯ ಮೇಲೆ ಬಿದ್ದಿತ್ತು. ರಟ್ಟಿನ ಮೇಲೆ ಹೆಸರು, ಕೆಳಗೆ ಚರ್ಚೆಯ ವಿಷಯ: 'ಸರಕು ಹಡಗನ್ನು ಯುದ್ಧನೌಕೆ ಮಾಡಬಹುದೇ?' ಆ ಹುಡುಗಿಯನ್ನು ಹುಡುಕಿ ಕೊಟ್ಟುಬಿಡಬೇಕಿತ್ತು. ಆದರೆ ಅದೇ ಸ್ಪರ್ಧೆಗೆ ಮೊಮ್ಮಗಳು ಸುಮೇಧಾ ನಿಂತಿದ್ದಳು. ಗೆದ್ದವರು ದೆಹಲಿಗೆ. ಎರಡು ಸಲ ಸೋತು ಊಟ ಬಿಟ್ಟು ಮಲಗಿದ್ದ ಹುಡುಗಿ; ಇದು ಕೊನೆಯ ವರ್ಷ. ಯಾವ ಪಕ್ಷ ಹಿಡಿಯುವುದೆಂಬುದು ಮಾತಾಡುವವರ ಇಷ್ಟ.

ಬ್ರಹ್ಮಪುರ ಬಡಾವಣೆಯ ತಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಿದರು. ಮಾಡಬಹುದು ಎಂದೇ ವಾದ. ಸರಕು ಹಡಗುಗಳು ಸಾವಿರಾರು ಇವೆ. ಹೊಸ ಯುದ್ಧನೌಕೆ ಕಟ್ಟಲು ವರ್ಷಗಳೇ ಬೇಕು. ಕಂಟೇನರಿನಲ್ಲಿ ಕ್ಷಿಪಣಿ ಅಡಗಿಸಿದರೆ ಶತ್ರುವಿಗೆ ಪತ್ತೆಯೂ ಆಗದು. ಅಲ್ಲಿಗೆ ಬರಹ ನಿಂತಿತ್ತು. ಮುಂದಿನ ಹಾಳೆಗಳೆಲ್ಲ ಖಾಲಿ. ಪ್ರೀತಿ ಹೀಗೇ ವಾದಿಸುತ್ತಾಳೆಂದು ಸುಮೇಧಾಳಿಗೆ ಹೇಳಿದರು.

"ಅಜ್ಜಾ, ಆಕಿ ಹಿಂಗ ಮಾತಾಡ್ತಾಳಂತ ನಿಮಗ ಹೆಂಗ ಗೊತ್ತು?"

"ನಲವತ್ತು ವರ್ಷ ವಾದ ಕಲಿಸೀನವ್ವಾ. ಎದುರಿನವರ ಹೊಟ್ಟ್ಯಾಗಿಂದು ಗೊತ್ತಾಗ್ತದ."

ಅಂದು ಸಂಧ್ಯಾವಂದನೆಯಲ್ಲಿ ಮಂತ್ರ ಎರಡು ಸಲ ತಪ್ಪಿತು. ಆದರೂ ಮೂರು ವಾದಕ್ಕೆ ಮೂರು ಉತ್ತರ ಹೊಸೆದು ಮೊಮ್ಮಗಳಿಗೆ ಬಾಯಿಪಾಠ ಮಾಡಿಸಿದರು.

ಈಗ ಮೊದಲ ಸರದಿ ಪ್ರೀತಿಯದು. ಆಚಾರ್ಯರಿಗೆ ಜೀವ ಬಂದಂತಾಯಿತು. ಆಕೆ ಹೇಳಲಿ, ಸುಮೇಧಾ ಮುರಿಯಲಿ.

ಹುಡುಗಿಯ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಹಡಗು ಸಾವಿರಾರು ಇವೆ ಎಂದಳು. ಕಟ್ಟಲು ವರ್ಷ ಬೇಕೆಂದಳು. ಕಂಟೇನರಿಗೆ ಬಂದಳು. ಅಕ್ಷರ ಅಕ್ಷರವೂ ಅದೇ. ಸುಮೇಧಾ ಅಜ್ಜನತ್ತ ಹುಬ್ಬು ಕುಣಿಸಿದಳು.

ಪ್ರೀತಿ ಒಂದು ಗುಟುಕು ನೀರು ಕುಡಿದಳು. "ಇದಿಷ್ಟೂ ಎದುರು ಪಕ್ಷದವರು ಹೇಳಬಹುದಾದ ಮಾತು. ಈಗ ನನ್ನ ಉತ್ತರ ಕೇಳಿ."

ಆಚಾರ್ಯರು ಮೊಮ್ಮಗಳತ್ತ ತಿರುಗಿದರು. ಪ್ರೀತಿ ಮುಂದುವರಿಸಿದಳು.

"ಸಾವಿರ ಹಡಗಿದ್ದರೂ ಒಳಗೆ ಅಡ್ಡಗೋಡೆ ಕಡಿಮೆ, ಒಂದೇ ಪೆಟ್ಟಿಗೆ ನೀರು ತುಂಬುತ್ತದೆ. ಹಡಗು ಬೇಗ ಸಿಕ್ಕೀತು, ಆದರೆ ಬೆಂಕಿ ಹತ್ತಿದಾಗ ಆರಿಸಲು ಅದರ ಇಪ್ಪತ್ತು ಜನ ನಾವಿಕರು ಸಾಲರು. ಇನ್ನು ಆಯುಧ ಅಡಗಿಸುವ ಮಾತು. ವ್ಯಾಪಾರಿಯ ವೇಷದಲ್ಲಿ ಒಬ್ಬ ಮೋಸ ಮಾಡಿದರೆ, ಮರುದಿನದಿಂದ ನಿಜವಾದ ವ್ಯಾಪಾರಿಯ ಮೇಲೂ ಗುಂಡು ಬೀಳುತ್ತದೆ."

ಸುಮೇಧಾಳ ಮೂರೂ ಉತ್ತರ ಅವೇ. ಸರದಿ ಬಂದಾಗ ಮೈಕು ಹಿಡಿದು, ಬಾಯಿ ತೆರೆದು, ಹಾಗೇ ನಿಂತುಬಿಟ್ಟಳು. ಹೇಳಿದರೆ ಕದ್ದ ಮಾತಾಗುತ್ತಿತ್ತು. ಗಂಟೆ ಹೊಡೆಯುವವರೆಗೂ ಅಜ್ಜನನ್ನೇ ನೋಡಿದಳು. ಆಚಾರ್ಯರು ತಲೆ ಎತ್ತಲಿಲ್ಲ.

ಬಹುಮಾನ ಹಿಡಿದು ಪ್ರೀತಿ ನೆಟ್ಟಗೆ ಅವರ ಬಳಿಗೇ ಬಂದಳು. ಸಿಕ್ಕಿಬಿದ್ದೆ ಎಂದುಕೊಂಡು ಅವರು ಶಾಲಿನೊಳಗೆ ಕೈ ಹಾಕಿದರು. ಆಕೆ ಬಗ್ಗಿ ಕಾಲು ಮುಟ್ಟಿದಳು.

"ಮೂರು ವರ್ಷದಿಂದ ಗುಡಿ ಕಂಬದ ಹಿಂದ ಕುಂತು ನಿಮ್ಮ ಪ್ರವಚನ ಕೇಳ್ತೀನ್ರೀ, ಆಚಾರ್ರೀ. ಎದುರಿನವರ ಮಾತು ಹಾಳಿ ಮ್ಯಾಲ ಬರಿ, ನಿನ್ನ ಉತ್ತರ ಬರಿಬ್ಯಾಡ, ಬಾಯಾಗ ಇಟ್ಕೊ ಅಂತ ನೀವೇ ಹೇಳಿದ್ರಲ್ರೀ."