ಬಂಡೆಗೆ ಹಚ್ಚಿದ ಎಣ್ಣೆ

ಮೀನಿಗೆ ಹೋದವರು ಎಲ್ಲೇ ತೀರಿಕೊಳ್ಳಲಿ, ಕೊನೆಗಾಲದ ಅವರ ಮುಖವನ್ನು ಕಡಲು ದಡದ ಬಂಡೆಯಲ್ಲಿ ಕೆತ್ತಿಡುತ್ತಿತ್ತು. ಮನೆಯವರು ದಿನಾ ಬೆಳಿಗ್ಗೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬರುತ್ತಿದ್ದರು.

ದುರ್ಗಕ್ಕ ಮೂವತ್ತು ವರ್ಷದಿಂದ ಹಚ್ಚುತ್ತಿದ್ದದ್ದು ಒಬ್ಬ ಹರೆಯದವನ ಮುಖಕ್ಕೆ. ಗಂಡ ಶೀನನ ದೋಣಿ ಕಾಣೆಯಾದ ವಾರವೇ ಮೂಡಿದ ಮುಖ ಅದು. ಮೂಗು, ಹುಬ್ಬು ಮುಕ್ಕಾಗಿದ್ದರೂ ಅವನದೇ ಎಂದು ಊರೆಲ್ಲ ಹೇಳಿತ್ತು.

ಇವತ್ತು ದಡದ ಮಂಜಿನಲ್ಲಿ ನಡೆಯುತ್ತಿದ್ದಾಗ ಪಕ್ಕದ ಬಂಡೆಯಲ್ಲಿ ಹೊಸ ಮುಖವೊಂದು ಕಂಡಿತು. ಮುದುಕನದು. ಹುಬ್ಬಿನ ಮೇಲೆ, ಮದುವೆಯಾದ ವರ್ಷ ಗಾಳ ಸಿಕ್ಕಿ ಹರಿದ ಗಾಯದ ಕಲೆ. ಕಣ್ಣಿನ ಸುತ್ತ ನಕ್ಕು ನಕ್ಕು ಬಿದ್ದ ಗೆರೆಗಳು.

"ಇದು ಶೀನಣ್ಣ ಅಲ್ವಾ, ದುರ್ಗಕ್ಕ?" ಜೊತೆಗಿದ್ದ ನೆರೆಮನೆಯ ಲಲಿತೆ ಮೆಲ್ಲಗೆ ಕೇಳಿದಳು.

ದುರ್ಗಕ್ಕ ಆ ಗೆರೆಗಳ ಮೇಲೆ ಬೆರಳಾಡಿಸಿದಳು. ಒಂದೂ ಅವಳು ಕಂಡದ್ದಲ್ಲ.

"ಹೌದು. ಇಷ್ಟು ವರ್ಷ ಎಲ್ಲೋ ಚೆನ್ನಾಗಿಯೇ ಬಾಳಿದ್ದಾರೆ."

"ಹಾಗಾದರೆ ಆ ಹುಡುಗ ಯಾರು?"

"ಯಾರ ಮಗನೋ, ಪಾಪ. ನಾನು ಬಿಟ್ಟರೆ ಅವನಿಗೆ ಯಾರಿದ್ದಾರೆ?"

ಅಲೆಯೊಂದು ಬಂದು ಮುದುಕನ ಕೆನ್ನೆ ತೊಳೆದು ಹೋಯಿತು. ದುರ್ಗಕ್ಕ ಎಣ್ಣೆಯ ಕುಡಿಕೆ ಎತ್ತಿಕೊಂಡು ಹಳೆಯ ಬಂಡೆಗೆ ಹೋದಳು. ಎಂದಿನಂತೆ ಹಣೆಯಿಂದ ಹಚ್ಚತೊಡಗಿದಳು.