ಯಾರ ಒತ್ತಾಯವೂ ಇಲ್ಲದೆ

ಮೈಲಾರಲಿಂಗ ರಾಜೀನಾಮೆಯ ಕಾಗದವನ್ನು ತಂಗಿಯ ಮುಂದಿಟ್ಟು, ಒಂದು ತಂಬಿಗೆ ನೀರನ್ನೂ ಕೇಳದೆ, "ಸೈ ಮಾಡಿ ಬಿಡವ್ವಾ" ಎಂದ.

ಸೊಲ್ಲಾಪುರದ ಸರ್ಕಾರಿ ಬಂಗಲೆಯ ಪಡಸಾಲೆಯಲ್ಲಿ ಕುಳಿತಿದ್ದ ದ್ರೌಪದಿ ಅಣ್ಣನ ಮುಖವನ್ನೇ ನೋಡಿದಳು. ಜಮೀನು ಖಾತೆಯ ದೊಡ್ಡ ಅಧಿಕಾರಿ ಅವಳು. ಕುಂಭಾರಿ ಕಡೆಯ ಗಾಯರಾಣವನ್ನು, ಅಂದರೆ ಊರ ದನಕುರಿ ಮೇಯುವ ಭೂಮಿಯನ್ನು, ದೊಡ್ಡವರೊಬ್ಬರ ಕಾರ್ಖಾನೆಗೆ ಬರೆದುಕೊಡಲು ಒಲ್ಲೆನೆಂದಿದ್ದಳು. ಅಂದಿನಿಂದ ಮುಂಬೈಯ ಫೋನು ನಿಂತಿರಲಿಲ್ಲ. ಅವಳನ್ನು ತೆಗೆದುಹಾಕಿದರೆ ಪೇಪರಿನಲ್ಲಿ ಬರುತ್ತದೆ. ಅವಳೇ ಬಿಟ್ಟುಹೋದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಅವಳಿಗಿಂತ ಮೊದಲು ಒಲ್ಲೆನೆಂದಿದ್ದ ಹಿರಿಯ ಅಧಿಕಾರಿಯೊಬ್ಬ ಹೀಗೆಯೇ ಆರೋಗ್ಯದ ಕಾರಣ ಬರೆದುಕೊಟ್ಟು ಮನೆಗೆ ಹೋಗಿದ್ದ. ಈಗ ದಿನಾ ಬೆಳಿಗ್ಗೆ ಕೆರೆಯ ಸುತ್ತ ಗುಂಡುಕಲ್ಲಿನಂತೆ ಗಟ್ಟಿಯಾಗಿ ವಾಕಿಂಗ್ ಮಾಡುತ್ತಿದ್ದ. ಇದೆಲ್ಲ ಅವಳಿಗೆ ಗೊತ್ತಿತ್ತು. ಕಾಗದ ಅಣ್ಣನ ಕೈಯಲ್ಲಿ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

"ಇದನ್ನ ಯಾರ ಕೊಟ್ರು ಅಣ್ಣಾ?"

"ಯಾರರೆ ಕೊಡ್ಲಿ. ನಿನಗ ಬಿಪಿ ಐತಿ. ಎಷ್ಟ ದಿನ ಅಂತ ಬಡಿದಾಡ್ತಿ? ನಮ್ಮೂರ ಮೈಂದರ್ಗಿಗಿ ಬಾ. ಹೊಲ ಅದಾವ, ಕುರಿ ಅದಾವ. ಎಲ್ಲಾರೂ ಕೂಡಿ ಆರಾಮ ಇರೂಣು."

ಗೇಟಿನಾಚೆ ಬಿಳಿ ಕಾರೊಂದು ಇಂಜಿನ್ ಬಂದ್ ಮಾಡದೆ ನಿಂತಿತ್ತು. ಮೈಲಾರಲಿಂಗ ಎಂದೂ ಕಾರಿನಲ್ಲಿ ಬಂದವನಲ್ಲ. ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದ, ಹೆಗಲ ಮೇಲೆ ಜೋಳದ ಚೀಲ ಹೊತ್ತಿರುತ್ತಿದ್ದ. ತಂಗಿ ಶಾಲೆಗೆ ಹೋಗಲೆಂದು ತಾನು ಶಾಲೆ ಬಿಟ್ಟು ಕುರಿಯ ಹಿಂದೆ ನಡೆದವನು ಅವನು. ಅವನ ಮಾತಿಗೆ ಅವಳು ಎದುರಾಡಿದ್ದೇ ಇಲ್ಲ. ಅವನನ್ನು ಕಳಿಸಿದವರಿಗೆ ಇದೂ ಗೊತ್ತಿದೆ ಅನ್ನಿಸಿತು ಅವಳಿಗೆ.

ಒಳಗಿನಿಂದ ತಾಯಿ ಗಂಗುಬಾಯಿ ಕರಿ ಕಂಬಳಿ ತಂದು ನೆಲಕ್ಕೆ ಹಾಸಿದಳು. ಮಗ ಬಂದಾಗಲೆಲ್ಲ ಹಾಸುವುದು ಅವಳ ರೂಢಿ. ಮಗಳ ಮನೆಯ ಸೋಫಾ ಅವಳ ಲೆಕ್ಕಕ್ಕೇ ಇಲ್ಲ. ಕುರಿಗಾರರ ದೇವರು ಬೀರೋಬನ ಒಕ್ಕಲಿನವರಿಗೆ ಕಂಬಳಿಯೆಂದರೆ ದೇವರ ಗದ್ದುಗೆ. ಜಗಳ ಬಗೆಹರಿಯುವುದೂ ಅದರ ಮೇಲೆ, ಮದುವೆಯ ಮಾತು ಮುಗಿಯುವುದೂ ಅದರ ಮೇಲೆ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಸರಾಗವಾಗಿ ಸುಳ್ಳು ಹೇಳಿ ಬಂದವರು ಅವರ ಬಳಗದಲ್ಲೂ ಉಂಟು. ಕಂಬಳಿಯ ಮೇಲೆ ಕುಳಿತು ಹೇಳಿದವರಿಲ್ಲ.

"ಕುಂಡ್ರು ಮೈಲಾರಿ."

"ಇರ್ಲಿ ಬಿಡ ಯವ್ವಾ. ಮೊಣಕಾಲ ನೋಯ್ತಾವ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಕಂಬಳಿಯ ಅಂಚು ಎಲ್ಲಿ ಕಾಲಿಗೆ ತಾಗೀತೋ ಎಂಬ ಹೆದರಿಕೆ ಮುಖದಲ್ಲಿ ಕಾಣುತ್ತಿತ್ತು.

ದ್ರೌಪದಿ ಅದನ್ನು ಕಂಡಳು. ಕುರ್ಚಿಯಿಂದಿಳಿದು ತಾನೇ ಕಂಬಳಿಯ ಮೇಲೆ ಕುಳಿತಳು. "ಅಣ್ಣಾ, ಮನ್ಯಾಗ ಎಲ್ಲಾರೂ ಆರಾಮ ಅದಾರೇನು? ಆಕಾಶ ಎಲ್ಲಿ ಅದಾನ?"

ಮಗನ ಹೆಸರು ಕಿವಿಗೆ ಬಿದ್ದದ್ದೇ ಮೈಲಾರಲಿಂಗ ಗೋಡೆಗೆ ಆತುಕೊಂಡ. "ನಿನ್ನಿ ಸಂಜಿಮುಂದ ಪೊಲೀಸ್ರು ಠಾಣೆಕ ಒಯ್ದಾರ. ಅವನ ಟೆಂಪೋದಾಗ ಹೊಳ್ಯಾಗಿಂದ ಕದ್ದ ಉಸುಕ ಸಿಕ್ಕೈತಿ ಅಂತಾರ. ಅಂವಾ ಅಕ್ಕಲಕೋಟಲಿಂದ ಉಳ್ಳಾಗಡ್ಡಿ ಹೇರ್ಕೊಂಡ ಹೊಂಟಿದ್ದ ತಂಗಿ, ಉಸುಕ ಎಲ್ಲಿಂದ ಬರ್ತೈತಿ? ನಿನ್ನ ಸೈ ಆದ ಕೂಡ್ಲೆ ಬಿಡ್ತೀವಿ ಅಂದಾರ. ಇಲ್ಲಂದ್ರ..."

ದ್ರೌಪದಿ ಎತ್ತಿ ಆಡಿಸಿದ ಕೂಸು ಆಕಾಶ. ಹೋದ ವರ್ಷವಷ್ಟೇ ಮದುವೆಯಾಗಿದ್ದ. ನೌಕರಿಯದೇನು, ಇವತ್ತಲ್ಲ ನಾಳೆ ಬಿಡುವುದೇ. ಆದರೆ ಗಾಯರಾಣ? ತಾನೆದ್ದ ಕುರ್ಚಿಯಲ್ಲಿ ಕೂರುವವನು ಮರುದಿನವೇ ಕಣ್ಣುಮುಚ್ಚಿ ಬರೆದುಕೊಡುತ್ತಾನೆ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಮೈಲಾರಲಿಂಗ ಬೆಚ್ಚಿಬಿದ್ದ. ಅಣ್ಣ ಬೆಚ್ಚಿದ್ದನ್ನು ನೋಡಲಾರದೆ ಅವಳು ಪೆನ್ನು ತೆಗೆದಳು.

"ಅದರಾಗ ಏನ ಬರದಾರ? ಓದಿ ಹೇಳು," ಎಂದಳು ಗಂಗುಬಾಯಿ.

ಮರಾಠಿಯಲ್ಲಿ ಟೈಪು ಮಾಡಿದ್ದನ್ನು ದ್ರೌಪದಿ ತಾಯಿಗೆ ಕನ್ನಡದಲ್ಲಿ ಹೇಳಿದಳು. "ಯಾರದೂ ಒತ್ತಾಯ ಇಲ್ಲದ, ನನ್ನ ಖುಷೀಲೆ ನಾನು ನೌಕರಿ ಬಿಡಾಕತ್ತೀನಿ ಅಂತ ಐತಿ ಯವ್ವಾ."

ಮುದುಕಿ ಕಂಬಳಿಯನ್ನು ನೋಡಿದಳು, ಮಗನನ್ನು ನೋಡಿದಳು. ಮೊಮ್ಮಗ ಠಾಣೆಯಲ್ಲಿ ಕುಳಿತಿದ್ದಾನೆ. ಸಹಿ ಬೇಡವೆನ್ನಲು ಅವಳಿಗೂ ಬಾಯಿ ಬರಲಿಲ್ಲ.

"ಹಂಗಾದ್ರ ಕಂಬಳಿ ಬಿಟ್ಟ ಕೆಳಗ ಇಳದ ಸೈ ಮಾಡವ್ವಾ."

ದ್ರೌಪದಿ ಕಾಗದ ಹಿಡಿದುಕೊಂಡು ಏಳಹೋದಳು. ಅಷ್ಟರಲ್ಲಿ ಮೈಲಾರಲಿಂಗ ಗೋಡೆ ಬಿಟ್ಟು ಬಂದು, ಅವಳ ಹೆಗಲ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದ. ಆಮೇಲೆ ತಾನೂ ಎದುರಿಗೆ ಕಂಬಳಿಯ ಮೇಲೆ ಕುಳಿತ. ಹಾರ್ನ್ ಮತ್ತೆ ಕೂಗಿತು.

"ಏಳಬ್ಯಾಡ ತಂಗಿ," ಎಂದ. "ಯಾರದೂ ಒತ್ತಾಯ ಇಲ್ಲ ಅನ್ನೂದನ್ನ ಹೊಡದ ಹಾಕು. ಒತ್ತಾಯ ಮಾಡಿದಂವಾ ನಾನು, ನನ್ನ ಹೆಸರ ಬರಿ. ಅವರ ಹೆಸರ ಹೇಳೂವಷ್ಟ ಧೈರ್ಯ ನನಗಿಲ್ಲ. ಖರೇ ಹೇಳಾಕತ್ತೀನಿ."